ವೈಯಕ್ತಿಕ ಗೃಹ ಶೌಚಾಲಯ

ಸರ್ಕಾರದ ಪ್ರೋತ್ಸಾಹಧನ ಪಡೆದು ಗ್ರಾಮೀಣ ಕುಟುಂಬವೊಂದು ತನ್ನ ಹಿತ್ತಲಲ್ಲೋ ಅಂಗಳದ ಮೂಲೆಯಲ್ಲೋ ಕಟ್ಟಿಕೊಳ್ಳುವ, ಆ ಮನೆಯವರಷ್ಟೇ ಬಳಸುವ ಶೌಚಾಲಯ. ಪಂಚಾಯಿತಿ ಕಡತಗಳಲ್ಲಿ ಇದಕ್ಕೆ ಇದೇ ಹೆಸರು. ಜನರ ಬಾಯಲ್ಲಿ ಅದು ಕಕ್ಕಸು, ಪಾಯಖಾನೆ, ಉತ್ತರ ಕರ್ನಾಟಕದ ಕಡೆ ಸಂಡಾಸ. ಬಯಲು ಬಹಿರ್ದೆಸೆಯನ್ನು ನಿಲ್ಲಿಸಲೆಂದು 1986ರಿಂದ ಈಚೆಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಒಂದರ ಹಿಂದೊಂದು ಯೋಜನೆ ತಂದಿವೆ. ಕಟ್ಟಿದ ಶೌಚಾಲಯಗಳ ಲೆಕ್ಕ ಹಿಡಿದರೆ ಇದು ಜಗತ್ತಿನ ಅತಿ ದೊಡ್ಡ ನೈರ್ಮಲ್ಯ ಕಾರ್ಯಕ್ರಮಗಳಲ್ಲಿ ಒಂದು. ಆದರೆ ದಲಿತ ಕೇರಿ, ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕಾಡಂಚಿನ ಹಾಡಿ, ಅಲೆಮಾರಿಗಳ ಗುಡಾರಗಳಲ್ಲಿ ಶೌಚಾಲಯದ ಪ್ರಶ್ನೆ ಕೋಣೆ ಎಬ್ಬಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಕಟ್ಟುವ ಜಾಗ ಯಾರದು, ಸುರಿಯುವ ನೀರು ಎಲ್ಲಿಂದ, ಗುಂಡಿ ತುಂಬಿದಾಗ ಬಳಿಯುವವರು ಯಾರು? ಈ ಮೂರಕ್ಕೂ ಉತ್ತರ ಸಿಕ್ಕ ಕಡೆ ಯೋಜನೆ ಬೇರೂರಿದೆ. ಸಿಗದ ಕಡೆ ಅದೇ ಕೋಣೆಯಲ್ಲಿ ಕುಳ್ಳು, ಸೌದೆ, ಹೊಟ್ಟಿನ ಚೀಲ ತುಂಬಿವೆ.

ಹಿನ್ನೆಲೆ

ಕನ್ನಡ ನಾಡಿನ ಹಳ್ಳಿಮನೆಗಳಲ್ಲಿ ಬಚ್ಚಲು ಇತ್ತು, ಶೌಚಾಲಯ ಇರಲಿಲ್ಲ. ದೀಪಾವಳಿಯಲ್ಲಿ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಹಚ್ಚಿ, ನೀರು ತುಂಬುವ ಹಬ್ಬ ಮಾಡುವಷ್ಟು ಬಚ್ಚಲಿಗೆ ಮರ್ಯಾದೆ. ಮಲವಿಸರ್ಜನೆಗೆ ಮಾತ್ರ ಊರಾಚೆಯ ಬಯಲು, ಕೆರೆಯ ಅಂಗಳ, ಹಳ್ಳದ ದಂಡೆ. ಒಲೆಯೂ ದೇವರಗೂಡೂ ಇರುವ ಮನೆಯ ಹತ್ತಿರ ಮಲದ ಗುಂಡಿ ಇರಕೂಡದೆಂಬ ಮಡಿಮೈಲಿಗೆಯ ಲೆಕ್ಕ ಇದರ ಹಿಂದಿತ್ತು. ಗಂಡಸರಿಗೆ ಚೆಂಬು ಹಿಡಿದು ಹೊರಡುವುದೆಂದರೆ ಅರ್ಧ ಗಂಟೆಯ ತಿರುಗಾಟ, ದಾರಿಯಲ್ಲಿ ನಾಲ್ಕು ಮಾತು. ಹೆಂಗಸರಿಗೆ ಹಾಗಲ್ಲ. ಕೋಳಿ ಕೂಗುವ ಮೊದಲು, ಇಲ್ಲವೇ ಕತ್ತಲಾದ ಮೇಲೆ. ನಡುವಿನ ಹೊತ್ತೆಲ್ಲ ತಡೆದುಕೊಳ್ಳಬೇಕು, ಅದಕ್ಕಾಗಿ ನೀರು ಕಡಿಮೆ ಕುಡಿಯಬೇಕು. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಪೊದೆಗಳೇ ಮರೆ. ಜಾಲಿ ಕಡಿದ ಊರಲ್ಲಿ ರಸ್ತೆಯ ಬದಿ. ರಾತ್ರಿ ಬಸ್ಸಿನ ದೀಪ ಬಿದ್ದಾಗ ಸಾಲಾಗಿ ಎದ್ದು ನಿಂತು, ಬಸ್ಸು ದಾಟಿದ ಮೇಲೆ ಮತ್ತೆ ಕೂರುವ ಹೆಂಗಸರನ್ನು ಕಲ್ಯಾಣ ಕರ್ನಾಟಕದ ರಸ್ತೆಗಳಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ.

ಬಯಲು ಕೂಡ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹೊಲವಿದ್ದವರು ತಮ್ಮ ಬದುವಿಗೆ ಹೋದರು. ಹೊಲವಿಲ್ಲದ ಕೇರಿಯವರು ಇನ್ನೊಬ್ಬರ ಹೊಲಕ್ಕೇ ಹೋಗಬೇಕು. ಬೈಗುಳ, ಕಲ್ಲೆಸೆತ, ಕೆಲವೊಮ್ಮೆ ಹೊಡೆತ. ಗೋಮಾಳ ಒತ್ತುವರಿಯಾದಷ್ಟೂ, ಹೊಲಗಳಿಗೆ ತಂತಿಬೇಲಿ ಬಿದ್ದಷ್ಟೂ ಇವರ ಪಾಲಿನ ಬಯಲು ಕಿರಿದಾಯಿತು. 2011ರ ಜನಗಣತಿಯಂತೆ ದೇಶದ 46.9% ಮನೆಗಳ ಆವರಣದಲ್ಲಿ ಶೌಚಾಲಯವಿತ್ತು. ಪರಿಶಿಷ್ಟ ಜಾತಿಯ ಮನೆಗಳಲ್ಲಿ ಈ ಪ್ರಮಾಣ 33.8%, ಪರಿಶಿಷ್ಟ ಪಂಗಡಗಳಲ್ಲಿ 22.6%. ಗ್ರಾಮೀಣ ಭಾರತ ಒಟ್ಟಾರೆ 30.7%ರಲ್ಲಿ ನಿಂತಿದ್ದರೆ ಗ್ರಾಮೀಣ ಕರ್ನಾಟಕ ಅದಕ್ಕಿಂತ ತುಸು ಕೆಳಗೆ, 28.4%ರಲ್ಲಿತ್ತು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿಗಳು ಬಹಳ ಮುಂದಿದ್ದವು. ಈಶಾನ್ಯದ ಜಿಲ್ಲೆಗಳು ಹಿಂದೆ. ರಾಜ್ಯದ ಸರಾಸರಿ ಈ ಎರಡು ತುದಿಗಳನ್ನೂ ಮುಚ್ಚಿಡುತ್ತದೆ.

ಯೋಜನೆಗಳ ಹಾದಿ

ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಶುರುವಾದದ್ದು 1986ರಲ್ಲಿ. ಸಹಾಯಧನ ಕೊಟ್ಟರೆ ಜನ ಕಟ್ಟಿಕೊಳ್ಳುತ್ತಾರೆ, ಕಟ್ಟಿಕೊಂಡರೆ ಬಳಸುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ಈ ಕಾರ್ಯಕ್ರಮ ಹದಿಮೂರು ವರ್ಷದಲ್ಲಿ ಹೆಚ್ಚು ದೂರ ಹೋಗಲಿಲ್ಲ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ ಇದನ್ನು ತಿರುವಿಹಾಕಿ, ಬೇಡಿಕೆ ಜನರಿಂದಲೇ ಬರಲಿ ಎಂದು ಪ್ರಚಾರಕ್ಕೆ ಒತ್ತು ಕೊಟ್ಟು ಸಹಾಯಧನವನ್ನು ತಗ್ಗಿಸಿತು. ಆರಂಭದಲ್ಲಿ ಬಡ ಕುಟುಂಬಕ್ಕೆ ಸಿಗುತ್ತಿದ್ದುದು ಕೆಲವೇ ನೂರು ರೂಪಾಯಿ. 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರ ಬಂತು. ಬಹುಮಾನದ ಆಸೆಗೆ ಪಂಚಾಯಿತಿಗಳು ಚುರುಕಾದವು, ಲೆಕ್ಕಗಳು ಅದಕ್ಕಿಂತ ಚುರುಕಾದವು. 2011ರ ಜನಗಣತಿ ಹೊರಬಿದ್ದಾಗ ಕಡತದಲ್ಲಿ ಕಟ್ಟಿದ್ದ ಕೋಟ್ಯಂತರ ಶೌಚಾಲಯಗಳು ನೆಲದ ಮೇಲೆ ಕಾಣಲಿಲ್ಲ. 2009ರಿಂದ 2014ರವರೆಗಿನ ಅವಧಿಯನ್ನು ಪರಿಶೀಲಿಸಿದ ಮಹಾಲೇಖಪಾಲರ ವರದಿಯೂ, ನೋಡಿದ ಶೌಚಾಲಯಗಳಲ್ಲಿ ಶೇ 30ಕ್ಕೂ ಹೆಚ್ಚು ಕಳಪೆ ಕಾಮಗಾರಿ, ಅರೆಬರೆ ಕಟ್ಟಡ ಮೊದಲಾದ ಕಾರಣಗಳಿಂದ ಬಳಕೆಯಲ್ಲಿಲ್ಲ ಎಂದಿತು.

2012ರ ನಿರ್ಮಲ ಭಾರತ ಅಭಿಯಾನ ಉದ್ಯೋಗ ಖಾತರಿಯ ಕೂಲಿಯನ್ನೂ ಸೇರಿಸಿ ಒಂದು ಶೌಚಾಲಯದ ಮೊತ್ತವನ್ನು ಸುಮಾರು ₹10,000ಕ್ಕೆ ಏರಿಸಿತು. ಬಡತನ ರೇಖೆಯ ಕೆಳಗಿನವರ ಜೊತೆಗೆ ಪರಿಶಿಷ್ಟರು, ಸಣ್ಣ ಮತ್ತು ಅತಿಸಣ್ಣ ರೈತರು, ಅಂಗವಿಕಲರು, ಮಹಿಳೆಯೇ ಯಜಮಾನಿಯಾಗಿರುವ ಕುಟುಂಬಗಳು, ಮನೆ ನಿವೇಶನವಿರುವ ಭೂರಹಿತ ಕಾರ್ಮಿಕರು ಇವರೆಲ್ಲ ಅರ್ಹರಾದರು. ಈ ಪಟ್ಟಿಯ ಕೊನೆಯ ಹೆಸರನ್ನು ಇನ್ನೊಮ್ಮೆ ಓದಬೇಕು: ಭೂಮಿ ಇಲ್ಲದಿದ್ದರೂ ನಡೆಯುತ್ತದೆ, ನಿವೇಶನ ಇರಲೇಬೇಕು. ಅದೂ ಇಲ್ಲದವರು ಯಾವ ಪಟ್ಟಿಯಲ್ಲೂ ಇಲ್ಲ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ್ ಮಿಷನ್ ಅರ್ಹತೆಯ ಇದೇ ಪಟ್ಟಿಯನ್ನು ಮುಂದುವರಿಸಿ ಪ್ರೋತ್ಸಾಹಧನವನ್ನು ₹12,000 ಮಾಡಿತು. ಕರ್ನಾಟಕ ಪರಿಶಿಷ್ಟ ಕುಟುಂಬಗಳಿಗೆ ತನ್ನ ಪಾಲು ಸೇರಿಸಿ ₹15,000 ಕೊಟ್ಟಿತು. ಐದು ವರ್ಷದಲ್ಲಿ ದೇಶದ ಹಳ್ಳಿಗಳಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯ ಕಟ್ಟಲಾಯಿತೆಂದು ಸರ್ಕಾರ ಹೇಳಿತು. 2019ರ ಅಕ್ಟೋಬರ್ 2ರಂದು, ಗಾಂಧಿಯವರ 150ನೇ ಜಯಂತಿಗೆ, ಗ್ರಾಮೀಣ ಭಾರತ ಬಯಲು ಬಹಿರ್ದೆಸೆ ಮುಕ್ತವೆಂದು ಅಹಮದಾಬಾದಿನಲ್ಲಿ ಘೋಷಣೆಯಾಯಿತು. ಘೋಷಣೆಗೂ ಸಮೀಕ್ಷೆಗೂ ತಾಳೆಯಾಗಲಿಲ್ಲ. 2018ರ ದ್ವಿತೀಯಾರ್ಧದಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು, ಗ್ರಾಮೀಣ ಮನೆಗಳಲ್ಲಿ ಶೌಚಾಲಯದ ಅನುಕೂಲ ಇರುವವು 71.3% ಎಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲೂ (2019–21) ದೇಶದ 19% ಮನೆಯವರು ಬಯಲಿಗೇ ಹೋಗುತ್ತಿದ್ದರು. ಆದರೆ ಅದಕ್ಕೂ ಹಿಂದಿನ ಸುತ್ತಿನಲ್ಲಿ ಇದೇ ಅಂಕಿ 39% ಇತ್ತು. ಘೋಷಣೆಯನ್ನು ಅಲ್ಲಗಳೆಯುವ ಅಂಕಿಗಳೇ ಬದಲಾವಣೆಯ ಗಾತ್ರವನ್ನೂ ಹೇಳುತ್ತವೆ. ಟೀಕಾಕಾರರು ಮೊದಲರ್ಧವನ್ನೂ ಸರ್ಕಾರ ಎರಡನೆಯ ಅರ್ಧವನ್ನೂ ಹಿಡಿದುಕೊಂಡು ಕೂತಿದ್ದಾರೆ.

ಜೋಡಿ ಗುಂಡಿಯ ರಚನೆ

ಸರ್ಕಾರ ಶಿಫಾರಸು ಮಾಡುವುದು ನೀರು ಸುರಿಯುವ ಜೋಡಿ ಗುಂಡಿ ಶೌಚಾಲಯ. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ (1943–2023) ಇದನ್ನು ದೇಶದಲ್ಲಿ ಹರಡಿದವರಲ್ಲಿ ಮುಖ್ಯರು. ರಚನೆ ನೋಡಲು ಸರಳ, ಆದರೆ ಸರಿಯಾಗಿ ಕಟ್ಟಿದ್ದು ಅಪರೂಪ. ಕಡಿದಾದ ಇಳಿಜಾರಿನ ಬೇಸಿನ್, ಅದರ ಕೆಳಗೆ ಬಾಗಿದ ಕೊಳವೆ. ಬಾಗಿನಲ್ಲಿ ಸದಾ ಸುಮಾರು 20 ಮಿಲಿಮೀಟರ್ ನೀರು ನಿಂತು ವಾಸನೆಯನ್ನೂ ನೊಣವನ್ನೂ ತಡೆಯುತ್ತದೆ. ಇಳಿಜಾರು ಕಡಿದಾಗಿದ್ದರೆ ಒಂದೂವರೆ–ಎರಡು ಲೀಟರ್ ನೀರು ಸಾಕು. ಅಂಗಡಿಯಲ್ಲಿ ಸಿಗುವ ಚಪ್ಪಟೆ ಬೇಸಿನ್ನಿಗೆ ಅದರ ಹಲವು ಪಟ್ಟು ನೀರು ಬೇಕು. ದರದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ, ಆಯ್ಕೆ ಮಾಡುವವನು ಗೌಂಡಿ. ಆಮೇಲೆ ದಿನಾ ನೀರು ಹೊರುವವಳು ಮನೆಯಾಕೆ.

ಬೇಸಿನ್ನಿನಿಂದ ಹೊರಟ ಕೊಳವೆ ಒಂದು ಚಿಕ್ಕ ಚೌಕ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಕವಲೊಡೆದು ಎರಡು ಗುಂಡಿಗಳಿಗೆ ದಾರಿ. ಒಂದು ಬಾಯಿಗೆ ಇಟ್ಟಿಗೆ ತುಂಡು ಇಟ್ಟು ಮಣ್ಣು ಮೆತ್ತಿ ಮುಚ್ಚಿರುತ್ತಾರೆ. ಗುಂಡಿ ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರಿಗೆ ತುಸು ಹೆಚ್ಚು ಆಳ. ಒಳಸುತ್ತಿನ ಇಟ್ಟಿಗೆ ಗೋಡೆಯಲ್ಲಿ ಸಂದು ಬಿಟ್ಟಿರುತ್ತಾರೆ; ನೀರು, ಗಾಳಿ ಮಣ್ಣಿಗೆ ಇಂಗುತ್ತವೆ, ಗಟ್ಟಿ ಅಂಶ ಮಾತ್ರ ಉಳಿಯುತ್ತದೆ. ತಳಕ್ಕೆ ಕಾಂಕ್ರೀಟು ಹಾಕುವಂತಿಲ್ಲ, ಗಾಳಿ ಕೊಳವೆಯೂ ಬೇಕಿಲ್ಲ. ಐದಾರು ಜನರ ಮನೆಗೆ ಒಂದು ಗುಂಡಿ ತುಂಬಲು ಸುಮಾರು ಮೂರು ವರ್ಷ. ಆಗ ತೊಟ್ಟಿಯ ಮುಚ್ಚಳ ತೆಗೆದು ಇಟ್ಟಿಗೆ ತುಂಡನ್ನು ಈ ಬಾಯಿಂದ ಆ ಬಾಯಿಗೆ ಬದಲಿಸಿದರೆ ಎರಡನೇ ಗುಂಡಿ ಶುರು. ಮೊದಲನೆಯದನ್ನು ಒಂದೂವರೆ–ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ, ಪುಡಿಪುಡಿಯಾದ ಕಪ್ಪು ಗೊಬ್ಬರ. ಗುದ್ದಲಿ ಹಿಡಿದು ತೆಗೆದು ಹೊಲಕ್ಕೆ ಹಾಕಬಹುದು.

ಇದೆಲ್ಲ ಕೆಂಪು ಮಣ್ಣಿನ ಮಾತು. ಧಾರವಾಡ, ಗದಗ, ವಿಜಯಪುರ, ರಾಯಚೂರಿನ ಎರೆಭೂಮಿಯಲ್ಲಿ ಲೆಕ್ಕವೇ ಬೇರೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ. ನೀರನ್ನು ಸಲೀಸಾಗಿ ಇಂಗಿಸುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಉಕ್ಕುತ್ತದೆ, ಬೇಸಿಗೆಯಲ್ಲಿ ಗೋಡೆ ಬಿರಿಯುತ್ತದೆ. ಉಪಾಯ ಇಲ್ಲದಿಲ್ಲ: ಗುಂಡಿಯನ್ನು ದೊಡ್ಡದಾಗಿ ತೋಡಿ, ಇಟ್ಟಿಗೆಯ ಸುತ್ತುಗೋಡೆಗೂ ಮಣ್ಣಿಗೂ ನಡುವೆ ಸುತ್ತಲೂ ಒಂದಡಿಯಷ್ಟು ಮರಳು, ಜಲ್ಲಿ ತುಂಬಬೇಕು. ಮರಳಿನ ಬೆಲೆ ಗೊತ್ತಿದ್ದವರಿಗೆ ಈ ಉಪಾಯ ₹12,000ದೊಳಗೆ ಏಕೆ ಕೂರುವುದಿಲ್ಲ ಎಂಬುದೂ ಗೊತ್ತು. ಕರಾವಳಿಯ ತಗ್ಗು ಜಾಗಗಳಲ್ಲಿ ಅಂತರ್ಜಲ ಮೇಲೇ ಇರುವುದರಿಂದ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಬೇಕು, ಬಾವಿಯಿಂದ ದೂರ ಇಡಬೇಕು. ಬಂಡೆ ನೆಲವಿರುವ ಕೋಲಾರ, ಚಿತ್ರದುರ್ಗದ ಕಡೆ ತೋಡುವುದೇ ಕಷ್ಟ. ಮಣ್ಣು ಬೇರೆ ಬೇರೆ, ದರಪಟ್ಟಿ ಮಾತ್ರ ಒಂದೇ.

ಜಾಗ, ಕಾಗದ, ಮುಂಗಡ

ಬಡ ಕುಟುಂಬವೊಂದು ಶೌಚಾಲಯ ಕಟ್ಟಿಸಿಕೊಳ್ಳುವ ದಾರಿ ಗ್ರಾಮ ಪಂಚಾಯಿತಿಯ ಮೇಜಿನಿಂದ ಶುರುವಾಗುತ್ತದೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ. ಎಲ್ಲಕ್ಕಿಂತ ಮೊದಲು ಹೆಸರು 2012ರ ಮೂಲ ಸಮೀಕ್ಷೆಯ ಪಟ್ಟಿಯಲ್ಲಿರಬೇಕಿತ್ತು. ಆ ಸಮೀಕ್ಷೆಯ ದಿನಗಳಲ್ಲಿ ಕಬ್ಬು ಕಡಿಯಲೋ ಬೆಂಗಳೂರು, ಪುಣೆ, ಗೋವೆಯ ಕಟ್ಟಡ ಕೆಲಸಕ್ಕೋ ಗುಳೆ ಹೋದವರು ಬಿಟ್ಟುಹೋದರು; ಆಮೇಲೆ ಮದುವೆಯಾಗಿ ಬೇರೆ ಒಲೆ ಹೂಡಿದ ಮಕ್ಕಳೂ ಬಿಟ್ಟುಹೋದರು. ಇಂಥವರನ್ನು ಸೇರಿಸಲು ‘ಬಿಟ್ಟುಹೋದವರು’ ಎಂಬ ಹೆಸರಿನಲ್ಲೇ ಹೊಸ ಪಟ್ಟಿ ಮಾಡಬೇಕಾಯಿತು.

ಮುಂದಿನದು ಹಣ. ಪ್ರೋತ್ಸಾಹಧನ ಎಂಬುದು ಕಟ್ಟಿ ಮುಗಿಸಿದ ಮೇಲೆ, ಫಲಾನುಭವಿ ಶೌಚಾಲಯದ ಮುಂದೆ ನಿಂತ ಫೋಟೊ ಜಿಪಿಎಸ್ ಗುರುತಿನೊಂದಿಗೆ ಜಾಲತಾಣಕ್ಕೆ ಏರಿದ ಮೇಲೆ ಬರುವ ದುಡ್ಡು. ದಿನಗೂಲಿಯ ಮನೆ ಅಷ್ಟು ಹಣವನ್ನು ಮೊದಲೇ ಹೊಂದಿಸುವುದು ಸ್ವಸಹಾಯ ಸಂಘದ ಸಾಲದಿಂದ, ಕೈಗಡದಿಂದ, ಇಲ್ಲವೇ ‘ನೀವು ಸಹಿ ಮಾಡಿ, ನಾನು ಕಟ್ಟಿಸಿಕೊಡುತ್ತೇನೆ’ ಎನ್ನುವ ಗುತ್ತಿಗೆದಾರನ ಮೂಲಕ. ಗುತ್ತಿಗೆದಾರ ಕಟ್ಟಿದ್ದು ಅನೇಕ ಕಡೆ ಒಂದೇ ಗುಂಡಿ, ಅದೂ ಮೂರು ಸಿಮೆಂಟ್ ರಿಂಗ್. ಮೊತ್ತ ಸಾಲದು ಎಂಬುದಕ್ಕೆ ಸರ್ಕಾರದ ಬಾಯಿಂದಲೇ ಒಂದು ಸಾಕ್ಷಿ ಉಂಟು. ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗದ ಶಾಲಾ ಬಾಲಕಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕೂತಳು. 2016ರ ಆಗಸ್ಟ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅವಳ ಹಟವನ್ನು ಹೊಗಳಿ, ಊರಿನ ಮುಖಂಡರು ಹೊಂದಿಸಿಕೊಟ್ಟ ₹18,000ದಲ್ಲಿ ವಾರದೊಳಗೆ ಶೌಚಾಲಯ ಎದ್ದ ಸಂಗತಿ ಹೇಳಿದರು. ಯೋಜನೆಯ ಮೊತ್ತ ಆಗ ₹12,000.

ಇವೆರಡಕ್ಕಿಂತಲೂ ಗಟ್ಟಿಯಾದ ಗಂಟು ಜಾಗದ್ದು. ಎರಡು ಗುಂಡಿ, ಅವುಗಳ ನಡುವೆ ಒಂದು ಮೀಟರ್ ಅಂತರ, ಮೇಲೊಂದು ಕೋಣೆ ಎಂದರೆ ಒತ್ತೊತ್ತಾಗಿ ಗೋಡೆಗೆ ಗೋಡೆ ತಾಗಿದ ಕೇರಿಯಲ್ಲಿ ಜಾಗ ಸಿಗದು. ಜಮೀನ್ದಾರರ, ಅರಣ್ಯ ಇಲಾಖೆಯ ಇಲ್ಲವೇ ಸರ್ಕಾರಿ ಪಾಳು ಭೂಮಿಯಲ್ಲಿ ತಲೆಮಾರುಗಳಿಂದ ನೆಲೆಸಿದ್ದರೂ ಹಕ್ಕುಪತ್ರವಿಲ್ಲದ ವಸತಿಗಳಲ್ಲಿ ಪಂಚಾಯಿತಿ ಪಕ್ಕಾ ಕಟ್ಟಡಕ್ಕೆ ದುಡ್ಡು ಕೊಡಲು ಹಿಂಜರಿಯುತ್ತದೆ. ಕರ್ನಾಟಕದಲ್ಲಿ ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸ ಈ ಕಾರಣಕ್ಕೆ ಶೌಚಾಲಯದ ಚರಿತ್ರೆಗೂ ಸೇರಬೇಕು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹೀಗೆ ಗ್ರಾಮವಾದ ವಸತಿಗಳ ಸುಮಾರು 50,000 ಕುಟುಂಬಗಳಿಗೆ, ಬಹುಪಾಲು ಲಂಬಾಣಿಗಳಿಗೆ, ಹಕ್ಕುಪತ್ರ ಹಂಚಲಾಯಿತು. ಗುಡಾರದಲ್ಲಿ ಊರೂರು ಸುತ್ತುವ ಅಲೆಮಾರಿಗಳಿಗೆ ಈ ದಾರಿಯೂ ಇಲ್ಲ. ಒಬ್ಬೊಬ್ಬರ ಮನೆಗೆ ಒಂದೊಂದು ಎಂಬ ಯೋಜನೆಯ ಮೂಲ ಕಲ್ಪನೆಯೇ ಅವರ ಬದುಕಿಗೆ ಹೊಂದುವುದಿಲ್ಲ. ಸಮುದಾಯ ಶೌಚಾಲಯ ಅವರಿಗೆ ಉಳಿಯುವ ಆಸರೆ, ಅದನ್ನು ತೊಳೆಯುವ ಹೊಣೆ ಯಾರದೆಂಬ ಜಗಳವೂ ಅದರ ಜೊತೆಗೇ ಬರುತ್ತದೆ.

ನೀರು

ಐದು ಜನರ ಮನೆಯಲ್ಲಿ ತೊಳೆಯಲು, ಸುರಿಯಲು ಸೇರಿ ದಿನಕ್ಕೆ ಎರಡು ಕೊಡ ನೀರು ಶೌಚಾಲಯಕ್ಕೇ ಹೋಗುತ್ತದೆ. ಬಯಲಿಗೆ ಹೋದರೆ ಒಂದೊಂದು ಚೆಂಬಿನಲ್ಲಿ ಮುಗಿಯುತ್ತಿದ್ದ ಕೆಲಸ. ನೀರುಗಂಟಿ ಎರಡು ದಿನಕ್ಕೊಮ್ಮೆ ವಾಲ್ವ್ ತಿರುಗಿಸುವ ಊರಿನಲ್ಲಿ, ಕೇರಿಯ ನಲ್ಲಿಗೆ ಕೊನೆಯಲ್ಲಿ ನೀರು ಬರುವಲ್ಲಿ, ಆ ಎರಡು ಕೊಡ ಹೊರುವುದು ಹೆಂಗಸರ ಸೊಂಟ. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ ‘ನೀರು ಸಾಬ್’ ಎನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರ ಕೆಲಸ ಕುಡಿಯುವ ನೀರಿಗೆ ಸಂಬಂಧಿಸಿದ್ದು. ಮನೆಯೊಳಗಿನ ನಲ್ಲಿ ಬಹಳ ತಡವಾಗಿ ಬಂತು. 2019ರ ಆಗಸ್ಟ್‌ನಲ್ಲಿ ಜಲಜೀವನ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿಯಿದ್ದುದು ಸುಮಾರು 17%ರಷ್ಟರಲ್ಲಿ. ಅಂದರೆ ಶೌಚಾಲಯಗಳೆಲ್ಲ ಕಟ್ಟಿ ಮುಗಿದ ಕಾಲಕ್ಕೆ ನೀರಿನ ಯೋಜನೆ ಹೊರಟಿತು. ಕ್ರಮ ತಿರುಗುಮುರುಗಾದದ್ದರ ದಂಡವನ್ನು ತೆತ್ತವರು ಬಡವರು.

ಗುಂಡಿ ಮತ್ತು ಜಾತಿ

ಶೌಚಾಲಯ ಇದ್ದೂ ಬಯಲಿಗೆ ಹೋಗುವವರ ಬಗ್ಗೆ ಅಧಿಕಾರಿಗಳು ‘ಅಭ್ಯಾಸಬಲ’ ಎನ್ನುತ್ತಿದ್ದರು. ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸ್ಕ್ವಾಟ್ ಸಮೀಕ್ಷೆ ಬೇರೆ ಕಾರಣವನ್ನೂ ಮುಂದಿಟ್ಟಿತು. ಬಳಸಬಹುದಾದ ಶೌಚಾಲಯವಿದ್ದ ಮನೆಗಳಲ್ಲಿ 40%ಕ್ಕೂ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಸರ್ಕಾರ ಕಟ್ಟಿಸಿಕೊಟ್ಟ ಶೌಚಾಲಯಗಳ ಬಳಕೆ ಜನ ತಾವೇ ಕಟ್ಟಿಸಿದ್ದಕ್ಕಿಂತ ಕಡಿಮೆ. ಸಂಶೋಧಕರಾದ ಡಯಾನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ 2017ರ ತಮ್ಮ ಪುಸ್ತಕದಲ್ಲಿ ಇದನ್ನು ಗುಂಡಿ ಬಳಿಯುವ ಭಯಕ್ಕೆ, ಆ ಭಯವನ್ನು ಅಸ್ಪೃಶ್ಯತೆಗೆ ಜೋಡಿಸಿದರು. ಚಿಕ್ಕ ಗುಂಡಿ ಬೇಗ ತುಂಬುತ್ತದೆ, ತುಂಬಿದರೆ ಬಳಿಯುವವರು ಬೇಕು, ಆ ಕೆಲಸಕ್ಕೆ ದಲಿತರು ಈಗ ಬರುವುದಿಲ್ಲ, ನಾವು ಮುಟ್ಟುವುದಿಲ್ಲ. ಆದ್ದರಿಂದ ಒಂದೋ ತಲೆಮಾರಿಗೆ ತುಂಬದಷ್ಟು ದೊಡ್ಡ ತೊಟ್ಟಿ, ಇಲ್ಲವೇ ಗುಂಡಿ ಉಳಿಸಲು ಬಯಲು. ದೊಡ್ಡ ತೊಟ್ಟಿ ಕಟ್ಟಲಾರದ ಬಡವನ ಮನೆಯಲ್ಲಿ ಗುಂಡಿಯನ್ನು ಮಳೆಗಾಲಕ್ಕೆ, ಕಾಯಿಲೆಯವರಿಗೆ, ಬಾಣಂತಿಗೆ ಎಂದು ಉಳಿತಾಯ ಮಾಡುತ್ತಾರೆ.

ದಲಿತ ಕುಟುಂಬಗಳಿಗೆ ಇದೇ ಸಂಗತಿ ಇನ್ನೊಂದು ಮಗ್ಗುಲಿನಿಂದ ಬರುತ್ತದೆ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ನಿಷೇಧಿಸಿದರು, ಕೇಂದ್ರದ ಕಾನೂನಿಗಿಂತ ಎರಡು ದಶಕ ಮೊದಲೇ. ಆ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಕೋಲಾರ ಚಿನ್ನದ ಗಣಿಯ ಕಾರ್ಮಿಕ ಕಾಲನಿಗಳ ಒಣ ಶೌಚಾಲಯಗಳನ್ನು ಬಳಿಯುತ್ತಿದ್ದ ಸಮುದಾಯದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ರಾಜ್ಯವನ್ನೇ ಬೆಚ್ಚಿಬೀಳಿಸಿತು.

ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕೇಂದ್ರದ 1993ರ ಕಾಯ್ದೆಯ ಜಾಗಕ್ಕೆ ಬಂದ 2013ರ ಕಾಯ್ದೆಯಲ್ಲಿ ಒಂದು ನಿಖರವಾದ ಗೆರೆಯಿದೆ: ಮಲ ಪೂರ್ತಿ ಕೊಳೆತು ಗೊಬ್ಬರವಾಗುವ ಮೊದಲು ಅದನ್ನು ಕೈಯಾರೆ ತೆಗೆಸುವುದು ಅಪರಾಧ. ಜೋಡಿ ಗುಂಡಿ ಈ ಗೆರೆಯ ಸರಿಯಾದ ಬದಿಯಲ್ಲಿ ನಿಲ್ಲುತ್ತದೆ, ಒಂಟಿ ಗುಂಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡನೇ ಗುಂಡಿಯನ್ನು ಬಿಟ್ಟು ಹಣ ಉಳಿಸಿದ ಗುತ್ತಿಗೆದಾರ ಮೂರ್ನಾಲ್ಕು ವರ್ಷದ ನಂತರ ಯಾರೋ ಒಬ್ಬರು ಹಸಿ ಮಲಕ್ಕೆ ಇಳಿಯುವ ವ್ಯವಸ್ಥೆಯನ್ನು ಕಟ್ಟಿಹೋಗಿರುತ್ತಾನೆ. 2017ರ ಫೆಬ್ರುವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ನೈರ್ಮಲ್ಯ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಸ್ವತಃ ಗುಂಡಿಗಿಳಿದು ಗೊಬ್ಬರ ಎತ್ತಿದರು. ಅದು ಒಳ್ಳೆಯ ಪ್ರಾತ್ಯಕ್ಷಿಕೆ. ಅಧಿಕಾರಿ ಇಳಿದದ್ದು ದೊಡ್ಡ ಸುದ್ದಿಯಾಯಿತು ಎಂಬುದರಲ್ಲೇ ದಿನಾ ಇಳಿಯುವವರು ಸುದ್ದಿಯಲ್ಲ ಎಂಬುದೂ ಸೇರಿದೆ.

ಒತ್ತಾಯ

ಬಾಂಗ್ಲಾದೇಶದ ರಾಜಶಾಹಿ ಪ್ರದೇಶದ ಹಳ್ಳಿಯೊಂದರಲ್ಲಿ 1999–2000ರಲ್ಲಿ ಕಮಲ್ ಕರ್ ರೂಪಿಸಿದ ಸಮುದಾಯ ನೇತೃತ್ವದ ನೈರ್ಮಲ್ಯ ವಿಧಾನ ಸಹಾಯಧನವನ್ನು ಒಪ್ಪುವುದಿಲ್ಲ. ಊರವರನ್ನು ಬಯಲಿನ ಸುತ್ತ ನಡೆಸಿ, ಎಲ್ಲಿ ಕೂರುತ್ತೀರೆಂದು ನೆಲದ ಮೇಲೆ ನಕ್ಷೆ ಬರೆಸಿ, ಮಲದಿಂದ ಅನ್ನಕ್ಕೆ ನೊಣ ಹಾರುವುದನ್ನು ತೋರಿಸಿ, ಅಸಹ್ಯ ಹುಟ್ಟಿಸುವುದೇ ಅದರ ತಂತ್ರ. ಅದು ಭಾರತಕ್ಕೆ ಬಂದಾಗ ಅಸಹ್ಯವನ್ನು ದಾಟಿ ಅವಮಾನಕ್ಕೆ ತಿರುಗಿತು. ಬೆಳಗಿನ ಜಾವ ಸೀಟಿ ಊದಿ ಬೆನ್ನಟ್ಟುವ ತಂಡಗಳು, ಫೋಟೊ ತೆಗೆಯುವುದು, ಚೆಂಬು ಕಸಿಯುವುದು, ಪಡಿತರ ತಡೆಯುವ ಬೆದರಿಕೆ ಎಲ್ಲವೂ ನಡೆದವು. ಹರಿಯಾಣ 2015ರಲ್ಲಿ ಮನೆಯಲ್ಲಿ ಶೌಚಾಲಯ ಇಲ್ಲದವರು ಪಂಚಾಯಿತಿ ಚುನಾವಣೆಗೆ ನಿಲ್ಲದಂತೆ ಕಾನೂನು ತಿದ್ದಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶೌಚಾಲಯ ಇಲ್ಲದಿರುವುದು ಬಡತನದ ಗುರುತಾಗಿದ್ದ ಕಡೆ ಅದು ತಪ್ಪಿನ ಗುರುತಾಯಿತು. 2017ರ ಕೊನೆಯಲ್ಲಿ ಭಾರತಕ್ಕೆ ಬಂದ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಲಿಯೊ ಹೆಲ್ಲರ್ ಈ ಒತ್ತಾಯಗಳನ್ನು ಎತ್ತಿ ಹೇಳಿದರು. ಸರ್ಕಾರ ಅವರ ಮಾತನ್ನು ತಳ್ಳಿಹಾಕಿತು.

2019ರ ಸೆಪ್ಟೆಂಬರ್ 25ರಂದು ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಭಾವಖೇಡಿಯಲ್ಲಿ ಪಂಚಾಯಿತಿ ಕಟ್ಟಡದ ಬಳಿ ಬಹಿರ್ದೆಸೆಗೆ ಕೂತಿದ್ದರೆಂದು ಇಬ್ಬರು ದಲಿತ ಮಕ್ಕಳನ್ನು ಹೊಡೆದು ಕೊಂದರು. ಊರು ಬಯಲು ಬಹಿರ್ದೆಸೆ ಮುಕ್ತವೆಂದು ಮೊದಲೇ ಘೋಷಣೆಯಾಗಿತ್ತು. ಮಕ್ಕಳ ಮನೆಗೆ ಶೌಚಾಲಯ ಇರಲಿಲ್ಲ. ದೇಶದ ಘೋಷಣೆಗೆ ಆಗ ಒಂದು ವಾರ ಬಾಕಿಯಿತ್ತು.

ಬೇರೆ ಮಾದರಿಗಳು

ಪಶ್ಚಿಮ ಬಂಗಾಳದ ಮೇದಿನೀಪುರದಲ್ಲಿ 1990ರಿಂದ ನರೇಂದ್ರಪುರದ ರಾಮಕೃಷ್ಣ ಮಿಷನ್ ಲೋಕಶಿಕ್ಷಾ ಪರಿಷತ್ ಯುನಿಸೆಫ್ ಜೊತೆ ನಡೆಸಿದ ಕೆಲಸದಲ್ಲಿ ಹಣಕ್ಕಿಂತ ಆಯ್ಕೆಗೆ ಬೆಲೆಯಿತ್ತು. ಊರಿನ ಯುವಕ ಸಂಘಗಳು ಮನೆಮನೆಗೆ ಹೋದವು, ಅಗ್ಗದ್ದರಿಂದ ಹಿಡಿದು ಹಲವು ದರದ ಮಾದರಿಗಳಿದ್ದವು, ಬೇಸಿನ್ ಸ್ಲ್ಯಾಬುಗಳನ್ನು ಹತ್ತಿರದ ಅಂಗಡಿಯಲ್ಲೇ ಎರಕ ಹೊಯ್ದು ಮಾರುತ್ತಿದ್ದರು.

ಅಂಚಿನ ಕುಟುಂಬಗಳ ಮಟ್ಟಿಗೆ ಹೆಚ್ಚು ಕಲಿಸುವುದು ಒಡಿಶಾದ ಗ್ರಾಮ ವಿಕಾಸ್. ಗಂಜಾಂ ಜಿಲ್ಲೆಯ ಮೊಹುದಾದಲ್ಲಿ ನೆಲೆಯಿರುವ ಈ ಸಂಸ್ಥೆ ಜೋ ಮಡಿಯತ್ ಅವರ ನೇತೃತ್ವದಲ್ಲಿ 1992ರಿಂದ ಆದಿವಾಸಿ ಮತ್ತು ಬಡ ಹಳ್ಳಿಗಳಲ್ಲಿ ಒಂದೇ ಷರತ್ತಿನ ಮೇಲೆ ಕೆಲಸ ಮಾಡಿತು: ಊರಿನ ಒಂದು ಮನೆಯೂ ಹೊರಗುಳಿಯಬಾರದು. ದಲಿತರ ಮನೆ, ಒಬ್ಬಂಟಿ ವಿಧವೆಯ ಮನೆ, ಎಲ್ಲ ಸೇರಬೇಕು. ಒಬ್ಬರು ಒಪ್ಪದಿದ್ದರೂ ಕೆಲಸ ಶುರುವಾಗುವುದಿಲ್ಲ. ಮನೆಗೆ ಸರಾಸರಿ ₹1,000ದಂತೆ ಊರ ನಿಧಿ ಕೂಡಿಸಬೇಕು. ಇದ್ದವರು ಹೆಚ್ಚು, ಇಲ್ಲದವರು ಕಡಿಮೆ ಹಾಕಬಹುದು. ಆ ನಿಧಿಯ ಬಡ್ಡಿಯಿಂದ ಮುಂದೆ ಊರಿನಲ್ಲಿ ಬೇರೆಯಾಗುವ ಹೊಸ ಕುಟುಂಬಗಳಿಗೆ ನೆರವು. ಪ್ರತಿ ಮನೆಗೂ ಶೌಚಾಲಯದ ಜೊತೆ ಸ್ನಾನದ ಕೋಣೆ ಮತ್ತು ಮೂರು ನಲ್ಲಿ: ಶೌಚಕ್ಕೊಂದು, ಸ್ನಾನಕ್ಕೊಂದು, ಅಡುಗೆಮನೆಗೊಂದು. ಎಲ್ಲರ ಕಟ್ಟಡ ಮುಗಿದ ಮೇಲೆಯೇ ನೀರು ಬಿಡುತ್ತಾರೆ, ಅದೂ ಎಲ್ಲರಿಗೂ ಒಂದೇ ಟ್ಯಾಂಕಿನಿಂದ. ದಲಿತರಿಗೆ ಬಾವಿ ಮುಟ್ಟಲು ಬಿಡದ ಊರಿನಲ್ಲಿ ಒಂದೇ ಟ್ಯಾಂಕಿನ ನೀರು ಕೇರಿಗೂ ಊರಿಗೂ ಹರಿಯುವುದು ಸಣ್ಣ ಮಾತಲ್ಲ. ನಿಧಾನದ ವಿಧಾನ ಇದು. ಒಪ್ಪಿಸಲು ವರ್ಷಗಳೇ ಹಿಡಿದ ಊರುಗಳಿವೆ. ಗುರಿ ದಿನಾಂಕ ಇಟ್ಟುಕೊಂಡ ಸರ್ಕಾರಗಳಿಗೆ ಇಷ್ಟು ತಾಳ್ಮೆ ಇರಲಿಲ್ಲ. ಸ್ನಾನದ ಕೋಣೆ ಸೇರಿಸಿದ್ದರ ಜಾಣತನವೂ ಗಮನಿಸುವಂಥದು: ನಮ್ಮ ಬಯಲುಸೀಮೆಯ ಅದೆಷ್ಟೋ ಗುಡಿಸಲುಗಳಲ್ಲಿ ಸೀರೆ ಮರೆ ಕಟ್ಟಿ ಮೀಯುತ್ತಿದ್ದ ಹೆಂಗಸರು ಸರ್ಕಾರ ಕಟ್ಟಿಸಿದ ಶೌಚಾಲಯವನ್ನೇ ಬಚ್ಚಲು ಮಾಡಿಕೊಂಡರು. ಬೇಕಿದ್ದುದು ಮೊದಲು ಅದೇ.

ಆರೋಗ್ಯದ ಲೆಕ್ಕ

ಶೌಚಾಲಯದಿಂದ ಅತಿಸಾರ ತಗ್ಗುತ್ತದೆ ಎಂಬುದು ಯೋಜನೆಯ ಬುನಾದಿ. ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಥಾಮಸ್ ಕ್ಲಾಸೆನ್ ತಂಡದ ಪ್ರಯೋಗದಲ್ಲಿ, ಕೆಲಸ ನಡೆದ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳು 9%ರಿಂದ 63%ಕ್ಕೆ ಏರಿದವು. ಮಕ್ಕಳ ಅತಿಸಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಧ ಊರು ಬಳಸಿ ಅರ್ಧ ಊರು ಬಳಸದಿದ್ದರೆ ರೋಗಾಣುವಿಗೆ ದಾರಿ ತೆರೆದೇ ಇರುತ್ತದೆ ಎಂದು ಇದನ್ನು ವಿವರಿಸುವುದುಂಟು. ಹಾಗಿದ್ದರೆ ಕೇರಿಯನ್ನು ಬಿಟ್ಟು ಊರಿಗಷ್ಟೇ ಕಟ್ಟಿದ ಶೌಚಾಲಯ ಊರನ್ನೂ ಕಾಯುವುದಿಲ್ಲ. ಸ್ವಚ್ಛ ಭಾರತದಿಂದ 2019ರೊಳಗೆ ಮೂರು ಲಕ್ಷಕ್ಕೂ ಹೆಚ್ಚು ಸಾವು ತಪ್ಪಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತ್ತು. ಅದು ಮಾದರಿ ಲೆಕ್ಕ, ಎಣಿಸಿದ ಲೆಕ್ಕವಲ್ಲ.

ಈಚಿನ ಸ್ಥಿತಿ

ವಿಶ್ವಸಂಸ್ಥೆ 2010ರಲ್ಲಿ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿತು; 2030ರೊಳಗೆ ಬಯಲು ಬಹಿರ್ದೆಸೆ ಕೊನೆಗಾಣಬೇಕೆಂಬುದು ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸೇರಿದೆ. 2022ರಲ್ಲಿ ಜಗತ್ತಿನಲ್ಲಿ 41.9 ಕೋಟಿ ಜನ ಬಯಲಿಗೇ ಹೋಗುತ್ತಿದ್ದರು. ಭಾರತದಲ್ಲಿ 2020ರಲ್ಲಿ ಸ್ವಚ್ಛ ಭಾರತದ ಎರಡನೇ ಹಂತ ಆರಂಭವಾಯಿತು. ಹೊಸ ಕುಟುಂಬಗಳಿಗೆ, ಬಿಟ್ಟುಹೋದವರಿಗೆ ಶೌಚಾಲಯ ಕೊಡುವುದರ ಜೊತೆಗೆ ಒಂಟಿ ಗುಂಡಿಗಳನ್ನು ಜೋಡಿ ಗುಂಡಿಗಳಾಗಿಸುವುದು, ಬೂದುನೀರು (ಬಚ್ಚಲು, ಅಡುಗೆಮನೆಯ ಕೊಳೆನೀರು), ಕಸ ಮತ್ತು ಮಲತ್ಯಾಜ್ಯದ ನಿರ್ವಹಣೆ ಇದರ ಪಾಲಿಗೆ ಬಂದವು. ವಯಸ್ಸಾದವರಿಗೆ, ಅಂಗವಿಕಲರಿಗೆ ಕೂರಲು ಕಮೋಡು, ಹಿಡಿಕೆ, ಇಳಿಜಾರು ಬೇಕೆಂಬ ಮಾತು ಮಾರ್ಗಸೂಚಿಗಳಲ್ಲಿದೆ, ಊರುಗಳಲ್ಲಿ ವಿರಳ.

2015ರಿಂದ 2019ರ ನಡುವೆ ಕಟ್ಟಿದ ಗುಂಡಿಗಳು ತುಂಬಿರುವ, ತುಂಬುತ್ತಿರುವ ಕಾಲ ಇದು. ಅನುಕೂಲಸ್ಥರು ಪೇಟೆಯಿಂದ ಸಕ್ಕಿಂಗ್ ಮಷಿನ್ ತರಿಸುತ್ತಾರೆ. ಅದು ಹೀರಿಕೊಂಡು ಹೋದದ್ದು ಬಹಳ ಕಡೆ ಹಳ್ಳಕ್ಕೋ ಹೊಲಕ್ಕೋ ಬೀಳುತ್ತದೆ. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಪಟ್ಟಣಕ್ಕೆ ಕಟ್ಟಿದ್ದು. ಹಲವು ಪಂಚಾಯಿತಿಗಳು ಸೇರಿ ಅಂಥ ಘಟಕ ನಡೆಸುವ ಪ್ರಯತ್ನಗಳು ಈಚೆಗೆ ಆರಂಭವಾಗಿವೆ. ಟ್ಯಾಂಕರ್ ತಿರುಗಲಾಗದ ಓಣಿ, ಕಾಲುದಾರಿಯಷ್ಟೇ ಇರುವ ಹಾಡಿ ಮತ್ತು ತಾಂಡಾಗಳಲ್ಲಿ ಯಂತ್ರ ಬಾಗಿಲಿಗೆ ಬರುವುದಿಲ್ಲ. ಅಲ್ಲಿನ ಒಂಟಿ ಗುಂಡಿಯ ಮನೆಗಳು ಈಗ ಎರಡರಲ್ಲಿ ಒಂದನ್ನು ಮಾಡುತ್ತಿವೆ: ಕೂಲಿಯ ದುಡ್ಡಿನಲ್ಲಿ ಪಕ್ಕದಲ್ಲೇ ಎರಡನೇ ಗುಂಡಿ ತೋಡಿಸುವುದು, ಇಲ್ಲವೇ ಕೋಣೆಗೆ ಚಿಲಕ ಹಾಕಿ ಮತ್ತೆ ಜಾಲಿ ಪೊದೆಯ ಕಡೆ ಹೋಗುವುದು.